ಪಾದಕ್ಕೆ ನೆಲ, ಕೈಗೆ ಅಕ್ಷರ

ಹಳೆಯ ಮೈಸೂರು ಸೀಮೆಯ ಒಂದು ತಾಲ್ಲೂಕು ಪಟ್ಟಣದಲ್ಲಿ, ಕ್ಷೇತ್ರ ಸಂಪನ್ಮೂಲ ಕೇಂದ್ರವೆಂಬ ಫಲಕವನ್ನು ಹೊತ್ತ ಕಟ್ಟಡದ ಹಿಂಬದಿಯ ಕೊಠಡಿಯಲ್ಲಿ, ಕಳೆದ ಶ್ರಾವಣದ ಒಂದು ಗುರುವಾರ ಬೆಳಗ್ಗೆ ನಾನು ಎರಡು ಗಂಟೆಗಳ ಕಾಲ ಕುಳಿತಿದ್ದೆನು. ಗೋಡೆಗೆ ಆಳೆತ್ತರದ ಒಂದು ಕನ್ನಡಿ. ಅದರ ಮುಂದೆ ಹಿಡಿದು ನಡೆಯುವುದಕ್ಕೆಂದು ನಿಲ್ಲಿಸಿದ ಎರಡು ಸಾಲು ಕಬ್ಬಿಣದ ಸರಳು. ನೆಲಕ್ಕೆ ನೀಲಿ ಬಣ್ಣದ ದಪ್ಪ ಹಾಸು. ಮೂಲೆಯಲ್ಲಿ ಮರದ ಮೂರು ಮೆಟ್ಟಿಲು, ಅದರ ಪಕ್ಕದಲ್ಲಿ ಮಗುವಿನ ಎದೆಮಟ್ಟದ ರಬ್ಬರ್ ಚೆಂಡು. ಹೊರಗಿನ ಜಗಲಿಯಲ್ಲಿ ತಾಯಂದಿರು ಸರದಿ ಕಾಯುತ್ತಿದ್ದರು. ಅವರಲ್ಲಿ ಕೆಲವರು ಮೊದಲನೆಯ ಬಸ್ಸಿಗೆ ಹೊರಟು, ಬೆಳೆದ ಮಗುವನ್ನು ಕಂಕುಳಲ್ಲಿ ಹೊತ್ತು, ಒಂದು ದಿನದ ಕೂಲಿಯನ್ನು ಬಿಟ್ಟು ಬಂದವರೆಂಬುದು ಅವರ ಮಾತಿನಿಂದಲೇ ತಿಳಿಯುತ್ತಿತ್ತು.

ಒಳಗೆ ಬಂದವನು ನಾಲ್ಕನೆಯ ತರಗತಿಯ ಒಂಬತ್ತು ವರ್ಷದ ಬಾಲಕ. ತಿಂಗಳು ತುಂಬುವ ಮೊದಲೇ ಹುಟ್ಟಿದವನು. ಮಾತು ಸ್ಪಷ್ಟ, ಬುದ್ಧಿ ಚುರುಕು, ಮಗ್ಗಿ ಹನ್ನೆರಡರವರೆಗೆ ಬಾಯಲ್ಲಿದೆ. ಆದರೆ ಎರಡು ಕಾಲುಗಳೂ ಬಿಗಿದುಕೊಂಡು, ನಡೆಯುವಾಗ ಮೊಣಕಾಲುಗಳು ಕತ್ತರಿಯ ಅಲಗುಗಳಂತೆ ಒಂದನ್ನೊಂದು ದಾಟುತ್ತವೆ. ತಾಯಿಯು ಕುಳಿತವಳೇ ದೂರನ್ನು ಮುಂದಿಟ್ಟಳು: “ಇವ್ನು ಬರೆಯೋದೇ ಇಲ್ಲ ಅಂತಾರೆ ಮೇಷ್ಟ್ರು. ಕೈಗೇನೂ ಆಗಿಲ್ವಲ್ಲ ಮೇಡಮ್ಮೋರೇ, ಕಾಲು ತಾನೇ?”

ಅಂದು ಅಲ್ಲಿ ಇಬ್ಬರು ಇದ್ದರು: ಪ್ರತಿ ವಾರ ಬರುವ ಫಿಸಿಯೋಥೆರಪಿಸ್ಟ್ ಒಬ್ಬರು, ತಿಂಗಳಿಗೊಮ್ಮೆ ಜಿಲ್ಲಾ ಕೇಂದ್ರದಿಂದ ಬರುವ ಆಕ್ಯುಪೇಷನಲ್ ಥೆರಪಿಸ್ಟ್ ಮತ್ತೊಬ್ಬರು. ಈ ಎರಡನೆಯವರು ಹುಡುಗನ ಕಾಲನ್ನು ಮುಟ್ಟಲಿಲ್ಲ. ಪಕ್ಕದ ಕೊಠಡಿಯಿಂದ ಶಾಲೆಯ ಬೆಂಚು ಡೆಸ್ಕುಗಳನ್ನು ತರಿಸಿ, “ನಿಮ್ಮ ಸ್ಕೂಲಲ್ಲಿ ಹೇಗೆ ಕೂತ್ಕೋತೀಯೋ ಹಾಗೇ ಕೂತ್ಕೋ ಪುಟ್ಟ” ಎಂದರು. ಕುಳಿತನು. ಪಾದಗಳು ನೆಲದಿಂದ ಒಂದು ಗೇಣು ಮೇಲೆ ತೂಗಾಡುತ್ತಿದ್ದವು. ಬೆನ್ನು ಬಿಲ್ಲಿನಂತೆ ಬಾಗಿತ್ತು. ಎಡಗೈ ಬೆಂಚಿನ ಅಂಚನ್ನು, ಬೆರಳ ಗೆಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿತ್ತು. ಸ್ಲೇಟನ್ನು ಹಿಡಿಯುವವರಿಲ್ಲ, ಬಲಗೈ ಬಳಪವನ್ನು ಒತ್ತಿದಾಗಲೆಲ್ಲ ಅದು ಜಾರುತ್ತಿತ್ತು. ‘ಮಳೆ’ ಎಂದು ಬರೆಯೆಂದರೆ ‘ಮ’ ಒಂದು ಮೂಲೆಗೂ, ‘ಳೆ’ಯ ಸುರುಳಿ ಅರ್ಧಕ್ಕೆ ಮುರಿದು ಸ್ಲೇಟಿನ ಚೌಕಟ್ಟಿಗೂ ಹೋಯಿತು.

ಆಕೆ ಹೊರಗೆ ಹೋಗಿ ಎರಡು ಇಟ್ಟಿಗೆಗಳನ್ನು ತಂದರು. ಅವುಗಳಿಗೆ ಗೋಣಿಚೀಲದ ತುಂಡನ್ನು ಸುತ್ತಿ ಹುಡುಗನ ಪಾದಗಳ ಕೆಳಗಿಟ್ಟು, ಬೆನ್ನಿಗೆ ಮಡಿಸಿದ ಟವೆಲ್ಲೊಂದನ್ನು ಕೊಟ್ಟು, ಸ್ಲೇಟಿನ ಅಡಿಗೆ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹಾಸಿದರು. ಬೇರೇನನ್ನೂ ಮಾಡಲಿಲ್ಲ, ಹೇಳಲೂ ಇಲ್ಲ. ಸ್ವಲ್ಪ ಹೊತ್ತಿನಲ್ಲಿ ಆ ಎಡಗೈ ಬೆಂಚನ್ನು ಬಿಟ್ಟು ತಾನಾಗಿಯೇ ಮೇಲೆ ಬಂದು, ಸ್ಲೇಟಿನ ಅಂಚನ್ನು ಹಿಡಿದುಕೊಂಡಿತು. ಎರಡನೆಯ ಸಲ ಬರೆದ ‘ಮಳೆ’ ಒಂದೇ ಸಾಲಿನಲ್ಲಿತ್ತು. ತಾಯಿಯು ಸ್ಲೇಟನ್ನು ನೋಡಲಿಲ್ಲ, ಇಟ್ಟಿಗೆಗಳನ್ನೇ ನೋಡುತ್ತಿದ್ದಳು.

ಈ ಕ್ರಿಯೆಯಲ್ಲಿ ಮಾಯೆಯೇನೂ ಇಲ್ಲ. ಬರವಣಿಗೆಯು ಬೆರಳಿನ ಕೆಲಸವೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಬೆರಳಿಗೆ ಮಣಿಕಟ್ಟು, ಮಣಿಕಟ್ಟಿಗೆ ಭುಜ, ಭುಜಕ್ಕೆ ಮುಂಡ, ಮುಂಡಕ್ಕೆ ಸೊಂಟ, ಸೊಂಟಕ್ಕೆ ಪಾದ, ಹೀಗೆ ಒಂದರ ನಿಶ್ಚಲತೆಯನ್ನು ಆಶ್ರಯಿಸಿ ಇನ್ನೊಂದರ ಚಲನೆಯು ನಡೆಯತಕ್ಕ ವ್ಯವಸ್ಥೆ ಅದು. ನೆಲವನ್ನು ಕಳೆದುಕೊಂಡ ಪಾದವು ತನ್ನ ಅಸ್ಥೈರ್ಯವನ್ನು ಮೇಲಕ್ಕೆ ಕಳುಹಿಸುತ್ತ ಹೋಗುತ್ತದೆ. ಬೀಳದಂತೆ ಉಳಿಯುವುದೇ ಮೈಗೆ ಪ್ರಧಾನ ಕಾರ್ಯವಾದಾಗ ಅಕ್ಷರವು ಗೌಣವಾಗುತ್ತದೆ. ಮೇಷ್ಟ್ರು ಕಂಡದ್ದು ಬರೆಯದ ಹುಡುಗನನ್ನು. ಆದರೆ ಆ ಹುಡುಗನು ದಿನವಿಡೀ ಮಾಡುತ್ತಿದ್ದುದು ಬೀಳದಿರುವ ಉದ್ಯೋಗವನ್ನು.

ಉದ್ಯೋಗವೆಂಬ ಈ ಮಾತಿನ ಬಳಿ ಸ್ವಲ್ಪ ನಿಲ್ಲಬೇಕಾಗಿದೆ. ಫಿಸಿಯೋಥೆರಪಿಯು ನಮ್ಮ ಊರುಗಳಿಗೆ ಪರಿಚಿತವಾದ ಹೆಸರು. ಭೌತಚಿಕಿತ್ಸೆಯೆಂದು ಬರೆದರೂ, ‘ಫಿಸಿಯೋ ಮಾಡಿಸೋದು’ ಎಂದು ಆಡಿದರೂ, ಕೀಲು, ಸ್ನಾಯು, ನಡಿಗೆ, ಸಮತೋಲ ಇವುಗಳನ್ನು ತಿದ್ದುವ ವಿದ್ಯೆಯೆಂದು ಜನರಿಗೆ ಗೊತ್ತಿದೆ. ಆಕ್ಯುಪೇಷನಲ್ ಥೆರಪಿಗೆ ಆ ಭಾಗ್ಯವಿಲ್ಲ. ಅದನ್ನು ಸರಕಾರಿ ಕಾಗದಗಳಲ್ಲಿ ಔದ್ಯೋಗಿಕ ಚಿಕಿತ್ಸೆಯೆಂದು ಬರೆಯುವುದುಂಟು, ಅದನ್ನು ಓದಿಸಿ ಕೇಳಿದ ಒಬ್ಬ ತಂದೆಯು ಅದೇ ಜಗಲಿಯಲ್ಲಿ, “ಇದು ಮಾಡಿಸಿದ್ರೆ ಮುಂದೆ ಯಾವ ಕೆಲ್ಸ ಸಿಗ್ತದೆ ಮೇಡಂ?” ಎಂದು ಕೇಳಿದುದನ್ನು ನಾನು ಕೇಳಿದೆನು. ಅವನ ತಪ್ಪಲ್ಲ, ಉದ್ಯೋಗವೆಂದರೆ ನೌಕರಿಯೆಂಬ ಇಂದಿನ ಅರ್ಥವೇ ಅವನಿಗೆ ದೊರೆತಿರುವುದು. ಆದರೆ ಮಹಾಭಾರತದಲ್ಲಿ ಉದ್ಯೋಗಪರ್ವವೆಂದು ಒಂದು ಪರ್ವಕ್ಕೆ ಹೆಸರಿಟ್ಟವರು ಆ ಶಬ್ದವನ್ನು ಯತ್ನ, ಸನ್ನಾಹ, ತೊಡಗುವಿಕೆ ಎಂಬ ಅರ್ಥದಲ್ಲಿ ಬಳಸಿದ್ದರು. ಆ ಪ್ರಾಚೀನ ಅರ್ಥವೇ ಈ ಚಿಕಿತ್ಸೆಗೆ ಒಪ್ಪುತ್ತದೆ. ಮನುಷ್ಯನು ಯಾವ ಯಾವ ಕೆಲಸದಲ್ಲಿ ತೊಡಗಿ ತನ್ನ ದಿನವನ್ನು ಕಳೆಯುತ್ತಾನೋ ಆ ಸಮಸ್ತವೂ ಅವನ ಉದ್ಯೋಗ. ಮಗುವಿನ ಉದ್ಯೋಗವಾದರೋ ಆಡುವುದು, ಉಣ್ಣುವುದು, ಗುಂಡಿ ಹಾಕಿಕೊಳ್ಳುವುದು, ಬರೆಯುವುದು, ಗೆಳೆಯರೊಡನೆ ಸಾಲಿನಲ್ಲಿ ನಿಲ್ಲುವುದು. ಇವುಗಳಲ್ಲಿ ಯಾವುದು ಏತಕ್ಕಾಗಿ ನಡೆಯದಾಗಿದೆಯೆಂದು ಪತ್ತೆಹಚ್ಚಿ, ಮಗುವನ್ನಾಗಲಿ ಕೆಲಸದ ಕ್ರಮವನ್ನಾಗಲಿ ಸುತ್ತಣ ವಸ್ತುಗಳನ್ನಾಗಲಿ ಬದಲಿಸಿ ನಡೆಯುವಂತೆ ಮಾಡುವುದೇ ಆ ಶಾಸ್ತ್ರದ ಸಾರ.

ನಮ್ಮ ದೇಶಕ್ಕೆ ಈ ವಿದ್ಯೆ ಹೊಸದೇನಲ್ಲ. ಅಮೆರಿಕೆಯಲ್ಲಿ ಹುಟ್ಟಿ, ಮದುವೆಯಾಗಿ ಭಾರತಕ್ಕೆ ಬಂದು, ಕಮಲಾ ನಿಂಬ್ಕರ್ ಎಂಬ ಹೆಸರನ್ನು ಧರಿಸಿದ ಮಹಿಳೆಯು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಶಿಕ್ಷಣವನ್ನು ಆರಂಭಿಸಿದರು. 1952ರಲ್ಲಿ ಈ ವೃತ್ತಿಯವರ ಜಾಗತಿಕ ಒಕ್ಕೂಟವು ಸ್ಥಾಪಿತವಾದಾಗ ಸಂಸ್ಥಾಪಕ ದೇಶಗಳಲ್ಲಿ ಭಾರತವೂ ಒಂದಾಗಿತ್ತು. ಬೆಂಗಳೂರಿನಲ್ಲಿ ಎನ್.ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆಯೂ, 1980ರಲ್ಲಿ ಆರಂಭವಾದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕವೂ ಚಿಕಿತ್ಸೆ ಮತ್ತು ಶಿಕ್ಷಣಗಳನ್ನು ಒಂದೇ ಸೂರಿನ ಕೆಳಗೆ ತಂದ ಸಂಸ್ಥೆಗಳು. ಆದರೆ ಆ ಸೂರುಗಳು ನಗರದಲ್ಲಿದ್ದವು. ಹಳ್ಳಿಯ ಶಾಲೆಯ ಸೂರಿಗೆ ಆ ವಿದ್ಯೆ ತಲುಪಿದುದು ತೀರ ಈಚೆಗೆ, ಅದೂ ಅರೆಬರೆಯಾಗಿ.

ನನ್ನ ತಲೆಮಾರಿನವರಿಗೆ ಶಾಲೆಯಲ್ಲಿ ಕಂಡ ಅಂಗವೈಕಲ್ಯವೆಂದರೆ ಪೋಲಿಯೋ. ಕಬ್ಬಿಣದ ಸರಳು, ಚರ್ಮದ ಪಟ್ಟಿಗಳ ಕ್ಯಾಲಿಪರ್ ತೊಟ್ಟು, ಟಕ್ ಟಕ್ ಎಂದು ಸದ್ದು ಮಾಡುತ್ತ ಬರುವ ಒಬ್ಬ ಸಹಪಾಠಿಯು ಅಂದಿನ ಬಹುಮಂದಿಯ ನೆನಪಿನಲ್ಲಿರುವನು. ಆ ರೋಗದ ಕೊನೆಯ ಪ್ರಕರಣವು ಈ ದೇಶದಲ್ಲಿ ವರದಿಯಾದುದು 2011ರ ಜನವರಿಯಲ್ಲಿ. 2014ರ ಮಾರ್ಚ್ 27ರಂದು ಭಾರತವು ಪೋಲಿಯೋಮುಕ್ತವೆಂದು ಪ್ರಮಾಣಪತ್ರ ದೊರೆಯಿತು. ಇಂದು ಮಕ್ಕಳ ಚಲನೆಯನ್ನು ತಡೆಯುವ ಕಾರಣಗಳಲ್ಲಿ ಸೆರೆಬ್ರಲ್ ಪಾಲ್ಸಿಗೆ ಮುಖ್ಯ ಸ್ಥಾನವಿದೆ. ಪೋಲಿಯೋದಲ್ಲಿ ಸ್ನಾಯುವಿಗೆ ಆಜ್ಞೆಯನ್ನು ಒಯ್ಯುವ ನರಕೋಶವೇ ನಷ್ಟವಾಗಿ ಕಾಲು ಜೋಲುತ್ತಿತ್ತು. ಇಲ್ಲಿ ಬೆಳೆಯುತ್ತಿರುವ ಮಿದುಳಿಗೆ ಪೆಟ್ಟು ಬಿದ್ದು ಆಜ್ಞೆಯೇ ತಪ್ಪಾಗಿ ಹೊರಡುವುದರಿಂದ ಅನೇಕ ಮಕ್ಕಳಲ್ಲಿ ಸ್ನಾಯು ಬಿಗಿಯುತ್ತದೆ. ಮಿದುಳಿನ ಆ ಗಾಯವು ಬೆಳೆಯುವುದಿಲ್ಲ. ಆದರೆ ಮಗು ಬೆಳೆಯುತ್ತದೆ. ಎಲುಬು ನೀಳವಾಗುವ ವೇಗಕ್ಕೆ ಬಿಗಿದ ಸ್ನಾಯು ಸರಿಗಟ್ಟಲಾರದೆ ಹಿಂದುಳಿಯುತ್ತದೆ. ಮೀನಖಂಡವು ಹಿಮ್ಮಡಿಯನ್ನು ಮೇಲಕ್ಕೆಳೆದು ಮಗು ತುದಿಗಾಲಲ್ಲಿ ನಡೆಯತೊಡಗುತ್ತದೆ. ಐದನೆಯ ವಯಸ್ಸಿನಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದವನು ಹನ್ನೆರಡನೆಯ ವಯಸ್ಸಿನಲ್ಲಿ, ಮೈ ಭಾರವೂ ಸೇರಿ, ಕುಳಿತಲ್ಲೇ ಉಳಿಯುವುದುಂಟು. ಆದುದರಿಂದ ಈ ಮಕ್ಕಳಿಗೆ ಚಿಕಿತ್ಸೆಯೆಂಬುದು ಒಮ್ಮೆ ಕೊಡಿಸಿ ಮುಗಿಸತಕ್ಕ ಔಷಧವಲ್ಲ. ಬೆಳವಣಿಗೆ ನಿಲ್ಲುವವರೆಗೆ ಅದರ ಜೊತೆಜೊತೆಗೇ ನಡೆಯಬೇಕಾದ ನಿತ್ಯಕರ್ಮ.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ವಾಚಕರ ಮುಂದಿಡುತ್ತೇನೆ. ಶಿಕ್ಷಣದ ಹಕ್ಕಿನ ಕಾಯಿದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ, 800 ಗಂಟೆಗಳ ಬೋಧನೆ ನಡೆಯಬೇಕು. ಮಗುವನ್ನು ಒಂದು ವಾರವೂ ತಪ್ಪಿಸದೆ ಕೇಂದ್ರಕ್ಕೆ ಹೊತ್ತು ತಂದು, ಪ್ರತಿ ಸಲವೂ ಪೂರ್ತಿ ಒಂದು ಗಂಟೆಯ ಚಿಕಿತ್ಸೆ ದೊರೆತರೂ, 200 ದಿನಗಳ ನಲವತ್ತು ವಾರಕ್ಕೆ ನಲವತ್ತು ಗಂಟೆಗಳಾಗುತ್ತವೆ. ಆ ನಲವತ್ತು ಗಂಟೆಗಳಲ್ಲಿ ನಯವಾಗಿ ಎಳೆದು ಸಡಿಲಿಸಿದ ಸ್ನಾಯುವನ್ನು ಎಂಟುನೂರು ಗಂಟೆಗಳ ತಪ್ಪು ಭಂಗಿಯು ಮತ್ತೆ ಬಿಗಿಯುತ್ತ ಹೋಗುವುದಾದರೆ ಯಾವ ಚಿಕಿತ್ಸಕನು ಏನು ಮಾಡಿಯಾನು? ಚಿಕಿತ್ಸೆಯ ನಿಜವಾದ ಸ್ಥಾನವು ಆ ನೀಲಿ ಹಾಸಲ್ಲ, ತರಗತಿಯ ಬೆಂಚು ಎಂದು ನಾನು ನಂಬಿರುವುದು ಈ ಲೆಕ್ಕದಿಂದಲೇ.

ಬೆಂಚೆಂದೆನು, ಆದರೆ ಒಂದರಿಂದ ಮೂರನೆಯ ತರಗತಿಯವರೆಗೆ ನಮ್ಮ ಸರಕಾರಿ ಶಾಲೆಗಳಲ್ಲಿ ನಡೆಯುವ ನಲಿಕಲಿಯಲ್ಲಿ ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ಕುಳಿತು ಕಲಿಯುತ್ತಾರೆ. ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ ನಾಡಿಗೆಲ್ಲ ಹರಡಿದ ಆ ಪದ್ಧತಿಯನ್ನು ನಾನು ಮೆಚ್ಚುತ್ತೇನೆ. ಆದರೆ ತೊಡೆಯ ಒಳಭಾಗದ ಸ್ನಾಯು ಬಿಗಿದ ಮಗುವಿಗೆ ಚಕ್ಕಳಮಕ್ಕಳ ಹಾಕುವುದು ಸಾಧ್ಯವಾಗದು. ಅದು ಮಂಡಿಗಳನ್ನು ಮುಂದೆ ಕೂಡಿಸಿ, ಎರಡು ಪಾದಗಳನ್ನೂ ಪೃಷ್ಠದ ಎರಡು ಪಕ್ಕಗಳಿಗೆ ಹಿಂದಕ್ಕೆ ಮಡಿಸಿ ಕುಳಿತುಕೊಳ್ಳುತ್ತದೆ. ನೋಡುವವರಿಗೆ ಅದು ಆರಾಮದ ಭಂಗಿಯಂತೆ ತೋರುವುದು. ಸೊಂಟ ಮೊಣಕಾಲುಗಳ ವಕ್ರತೆಯನ್ನು ದಿನದಿನವೂ ಬಲಪಡಿಸುವ ಭಂಗಿಯೂ ಅದೇ. ಪರಿಹಾರವಾದರೋ ಒಂದು ಗಿಡ್ಡ ಮಣೆ. ಅಡುಗೆಮನೆಯಲ್ಲಿ ನಮ್ಮ ಅಜ್ಜಿಯರು ಕುಳಿತುಕೊಳ್ಳುತ್ತಿದ್ದ ಮಣೆಗೆ ಒಂದು ಗೇಣು ಎತ್ತರದ ಕಾಲು ಕೊಟ್ಟರೆ, ಪಾದ ನೆಲ ಮುಟ್ಟುತ್ತದೆ, ಮಗು ಗೆಳೆಯರ ಗುಂಪಿನಿಂದ ದೂರವಾಗುವುದೂ ಇಲ್ಲ.

ಕೈಯ ವಿಷಯದಲ್ಲಿಯೂ ನಮ್ಮ ಮನೆ ಅಂಗಳಗಳಲ್ಲಿ ಇದ್ದುದನ್ನೇ ಈ ಶಾಸ್ತ್ರವು ಮತ್ತೆ ಎತ್ತಿಕೊಂಡಿರುವುದು ನನಗೆ ಆನಂದವನ್ನುಂಟುಮಾಡಿತು. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಈ ಮೂರರ ನಡುವೆ ಲೇಖನಿ ನಿಲ್ಲಬೇಕಾದರೆ ಅಂಗೈಯ ಸಣ್ಣ ಸ್ನಾಯುಗಳು ಮೊದಲು ಬಲಿಯಬೇಕು. ಅದಕ್ಕಾಗಿ ಆ ಆಕ್ಯುಪೇಷನಲ್ ಥೆರಪಿಸ್ಟ್ ಅವರ ಚೀಲದಲ್ಲಿದ್ದುದು ಅಳಗುಳಿಮಣೆ, ಹುಣಿಸೆಬೀಜ, ಐದು ಗಜ್ಜುಗ ಮತ್ತು ಬಟ್ಟೆ ಒಣಹಾಕುವ ಕ್ಲಿಪ್ಪುಗಳು. ಗುಳಿಯಿಂದ ಬೀಜಗಳನ್ನು ಬಾಚಿ, ಮುಷ್ಟಿಯಲ್ಲಿಟ್ಟುಕೊಂಡು, ಒಂದೊಂದನ್ನೇ ಬೆರಳ ತುದಿಗೆ ತಂದು ಬಿಡುವ ಆ ಆಟದಲ್ಲಿ ಕೈ ಕಲಿಯುವುದನ್ನು ಬೇರೆ ಯಾವ ದುಬಾರಿ ಉಪಕರಣವೂ ಅಷ್ಟು ಚೆನ್ನಾಗಿ ಕಲಿಸಲಾರದು. ಉದ್ದ ಬಳಪವನ್ನು ಮುಷ್ಟಿಯಿಂದ ಹಿಡಿಯುವ ಮಗುವಿಗೆ ಅದನ್ನು ಮುರಿದು ಅಂಗುಲದಷ್ಟು ತುಂಡನ್ನು ಕೊಟ್ಟರೆ, ಮುಷ್ಟಿಯಲ್ಲಿ ಹಿಡಿಯಲು ಎಡೆಯೇ ಇಲ್ಲದೆ ಮೂರು ಬೆರಳು ತಾವಾಗಿ ಕೂಡುತ್ತವೆ. ಪೆನ್ಸಿಲ್ ಜಾರುವುದಾದರೆ ಸೈಕಲ್ ಟ್ಯೂಬಿನ ತುಂಡನ್ನು ಸುತ್ತುವುದು. ನಡುಗುವ ಕೈಗೆ ಅಕ್ಕಿಯ ಮೇಲೆ, ಮರಳಿನ ಮೇಲೆ ತಿದ್ದಿಸುವುದು. ಅಕ್ಷರಾಭ್ಯಾಸಕ್ಕೆ ಹಿರಿಯರು ಅಕ್ಕಿಯ ತಟ್ಟೆಯನ್ನು ಆರಿಸಿಕೊಂಡುದು ಮಂಗಳದ ದೃಷ್ಟಿಯಿಂದಿದ್ದಿರಬಹುದು. ಬೆರಳಿಗೆ ತಡೆಯೊಡ್ಡಿ ಅದರ ದಾರಿಯನ್ನು ಅದಕ್ಕೇ ತಿಳಿಸುವ ಗುಣವೂ ಅಕ್ಕಿಗಿದೆ. ಕನ್ನಡದ ಅಕ್ಷರಗಳು ದುಂಡಗಿನವು. ತಲೆಕಟ್ಟು, ಸುಳಿ, ಕೊಂಬು, ಒತ್ತುಗಳೆಂದು ಒಂದೊಂದು ಅಕ್ಷರದಲ್ಲಿ ಕೈ ಹಲವು ಬಾರಿ ದಿಕ್ಕು ಬದಲಿಸಬೇಕು. ಬಿಗಿದ ಅಥವಾ ನಡುಗುವ ಕೈಗೆ ಇದು ಎಷ್ಟು ಪ್ರಯಾಸವೆಂಬುದನ್ನು ತಿಳಿದ ಶಿಕ್ಷಕನು ಹತ್ತು ಸಲ ಬರೆಯೆಂದು ಶಿಕ್ಷಿಸದೆ ಎರಡು ಸಲ ಬರೆಸಿ, ಉಳಿದುದನ್ನು ಬಾಯಲ್ಲಿ ಹೇಳಿಸುವನು.

ಪಾಠದಷ್ಟೇ ಮುಖ್ಯವಾದುದು ಊಟ, ಅದಕ್ಕಿಂತ ಮುಖ್ಯವಾದುದು ಶೌಚ. ಇದನ್ನು ನಾನು ತಿಳಿದುದು ಇನ್ನೊಂದು ಊರಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಆರನೆಯ ತರಗತಿಯ ಹುಡುಗಿಯೊಬ್ಬಳು ಮಧ್ಯಾಹ್ನವಾಗುತ್ತಲೇ ತಲೆನೋವೆಂದು ಮಂಕಾಗಿ ಕುಳಿತುಬಿಡುವಳು; ಬಿಸಿಯೂಟದಲ್ಲಿ ಅನ್ನವನ್ನು ಕೆದಕಿ ಏಳುವಳು; ಓದಿನಲ್ಲಿ ಆಸಕ್ತಿಯಿಲ್ಲವೆಂದು ಶಿಕ್ಷಕರು ತೀರ್ಮಾನಿಸಿದ್ದರು. ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕಿಯು, ಎಂದರೆ ಇಲಾಖೆಯಲ್ಲಿ ಎಲ್ಲರೂ ಬಿ.ಐ.ಇ.ಆರ್.ಟಿ. ಎಂದು ಕರೆಯುವವರು, ಒಂದು ದಿನ ಅವಳ ಪಕ್ಕದಲ್ಲಿಯೇ ಕುಳಿತು, ಗುಟ್ಟಾಗಿ ಕೇಳಿದಾಗ ಸಂಗತಿ ಹೊರಬಿದ್ದಿತು. ಶೌಚಾಲಯದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತರೆ ಏಳುವುದಕ್ಕೆ ಅವಳಿಗೆ ಆಧಾರವಿಲ್ಲ, ಒಮ್ಮೆ ಬಿದ್ದಿದ್ದಳು, ಅಂದಿನಿಂದ ಬೆಳಗ್ಗೆ ಮನೆ ಬಿಟ್ಟರೆ ಸಂಜೆ ಮನೆ ಸೇರುವವರೆಗೆ ಒಂದು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ. ಫಿಸಿಯೋಥೆರಪಿಸ್ಟ್ ಬಂದು ಅವಳ ಕೈ ಎಲ್ಲಿಗೆ ಎಟುಕುವುದೆಂದು ಅಳೆದು ಗೋಡೆಯ ಮೇಲೆ ಇದ್ದಿಲಿನಿಂದ ಗುರುತು ಹಾಕಿದರು. ಊರಿನ ಗಾರೆಯವನು ಆ ಗುರುತಿನ ಮೇಲೆ ಎರಡು ಅಡಿಯ ಕಬ್ಬಿಣದ ಕೊಳವೆಯನ್ನು ಹೂಳಿದನು. ಗಾರೆಯವನಿಗೆ ಅದು ಅರ್ಧ ದಿನದ ಕೆಲಸ. ಆ ಮಗು ಅಷ್ಟು ಕಾಲ ಅನುಭವಿಸಿದ ಬಾಯಾರಿಕೆಯನ್ನು ನೆನೆದಾಗಲೆಲ್ಲ ನನ್ನ ಕಣ್ಣು ಈಗಲೂ ಹನಿಗೂಡುತ್ತದೆ.

ಆಸ್ಪತ್ರೆಗೂ ಶಾಲೆಗೂ ಇರುವ ಭೇದವು ಇಲ್ಲಿಯೇ. ಮೊಣಕಾಲು ಎಷ್ಟು ಡಿಗ್ರಿ ಮಡಿಯುತ್ತದೆಂಬುದು ಆಸ್ಪತ್ರೆಯ ಪ್ರಶ್ನೆ. ಮಗು ಗಂಟೆ ಹೊಡೆದಾಗ ಶೌಚಾಲಯಕ್ಕೆ ಹೋಗಿ ಪಾಠ ಆರಂಭವಾಗುವುದರೊಳಗೆ ಹಿಂದಿರುಗಬಲ್ಲದೇ ಎಂಬುದು ಶಾಲೆಯ ಪ್ರಶ್ನೆ. ಅಮೆರಿಕೆಯಲ್ಲಿ 1975ರಲ್ಲಿ ಬಂದ ಕಾಯಿದೆಯು ಈ ಎರಡು ಚಿಕಿತ್ಸೆಗಳನ್ನೂ ಶಾಲೆಯೇ ಒದಗಿಸಬೇಕಾದ ಪೂರಕ ಸೇವೆಗಳೆಂದು ಹೆಸರಿಸಿ, ಮಗು ಶಿಕ್ಷಣದ ಪ್ರಯೋಜನವನ್ನು ಪಡೆಯುವಂತಾಗುವುದೇ ಅವುಗಳ ಗುರಿಯೆಂದು ವಿಧಿಸಿತು. ನಮ್ಮಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 1995ರ ಕಾಯಿದೆಯ ಏಳು ವಿಧದ ವೈಕಲ್ಯಗಳನ್ನು ಇಪ್ಪತ್ತೊಂದಕ್ಕೆ ವಿಸ್ತರಿಸಿ, ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಪ್ರತಿಯೊಂದು ಶಾಲೆಯೂ ಆಯಾ ಮಗುವಿಗೆ ತಕ್ಕ ಅನುಕೂಲವನ್ನೂ ವೈಯಕ್ತಿಕ ನೆರವನ್ನೂ ಕೊಡತಕ್ಕದ್ದೆಂದು ಹೇಳಿದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂಥ ಪ್ರತಿ ಮಗುವಿಗೆ ವರ್ಷಕ್ಕೆ 3,500 ರೂಪಾಯಿಗಳವರೆಗೆ ಅವಕಾಶವಿದೆ. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯ ಪ್ರೋತ್ಸಾಹಧನವಿದೆ. ಕರೆತರುವವರ ಭತ್ಯೆ, ಪ್ರಯಾಣ ಭತ್ಯೆಗಳೂ ಇವೆ. ಕಾಗದದ ಮಟ್ಟಿಗೆ ನಾವು ಹಿಂದುಳಿದವರಲ್ಲ.

ಕೊರತೆಯಿರುವುದು ಮನುಷ್ಯರಲ್ಲಿ, ಮತ್ತು ಅವರು ಕುಳಿತಿರುವ ಜಾಗದಲ್ಲಿ. ಫಿಸಿಯೋಥೆರಪಿಸ್ಟರು ತಾಲ್ಲೂಕು ಮಟ್ಟದಲ್ಲಿ ಹೇಗೋ ದೊರೆಯುತ್ತಾರೆ. ಆಕ್ಯುಪೇಷನಲ್ ಥೆರಪಿಸ್ಟರು ನಗರವನ್ನು ಬಿಟ್ಟು ಹೊರಗೆ ಅಪರೂಪ. ದೊರೆತವರನ್ನೂ ಕೇಂದ್ರದ ಕೊಠಡಿಯಲ್ಲಿ ಕೂಡಿಸಿ ಮಗುವನ್ನೇ ಅಲ್ಲಿಗೆ ಹೊರಿಸುವ ಕ್ರಮದಲ್ಲಿ ತಾಯಿಗೆ ಒಂದು ದಿನದ ಕೂಲಿಯೂ ಮಗುವಿಗೆ ಒಂದು ದಿನದ ಪಾಠವೂ ನಷ್ಟ. ಅದರ ಬದಲಿಗೆ ಆ ತಜ್ಞರು ತಿಂಗಳಲ್ಲಿ ಕೆಲವು ದಿನಗಳನ್ನಾದರೂ ಶಾಲೆಗಳಲ್ಲಿಯೇ ಕಳೆದು, ಮಗು ಕುಳಿತಿರುವುದನ್ನು, ಉಣ್ಣುವುದನ್ನು, ಮೆಟ್ಟಿಲು ಹತ್ತುವುದನ್ನು ಕಣ್ಣಾರೆ ಕಂಡು, ತರಗತಿಯ ಶಿಕ್ಷಕರಿಗೆ ಒಂದು ಹಾಳೆಯಲ್ಲಿ ಮೂರೇ ಮೂರು ಸೂಚನೆಗಳನ್ನು ಕನ್ನಡದಲ್ಲಿ ಬರೆದುಕೊಟ್ಟು ಬರುವಂತಾದರೆ, ಆ ಎಂಟುನೂರು ಗಂಟೆಗಳೂ ಚಿಕಿತ್ಸೆಯ ಗಂಟೆಗಳಾಗಿ ಪರಿಣಮಿಸುವುವು. ಎರಡು ಮೂರು ತರಗತಿಗಳನ್ನು ಒಬ್ಬರೇ ನಡೆಸುವ ಶಿಕ್ಷಕರಿಗೆ ಇದು ಹೊರೆಯಲ್ಲವೇ ಎಂದು ಕೇಳಬಹುದು. ಚಿಕಿತ್ಸಕರ ಕೆಲಸವನ್ನು ಅವರ ತಲೆಗೆ ಕಟ್ಟುವುದಾದರೆ ಖಂಡಿತವಾಗಿಯೂ ಹೊರೆಯೇ. ಸ್ನಾಯುವನ್ನು ಎಳೆದು ಸಡಿಲಿಸುವುದನ್ನು ತಿಳಿದವರೇ ಮಾಡಬೇಕು; ಕಾಲಿನ ಕೆಳಗೆ ಇಟ್ಟಿಗೆಯಿಡುವುದನ್ನು ಯಾರಾದರೂ ಮಾಡಬಹುದು.

ತೀವ್ರ ವೈಕಲ್ಯವುಳ್ಳ ಮಕ್ಕಳಿಗೆ ಮನೆಯಲ್ಲಿಯೇ ಶಿಕ್ಷಣ ಪಡೆಯುವ ಆಯ್ಕೆಯನ್ನು ಶಿಕ್ಷಣದ ಹಕ್ಕಿನ ಕಾಯಿದೆಯ 2012ರ ತಿದ್ದುಪಡಿಯು ಕೊಟ್ಟಿತು. ಹಾಸಿಗೆ ಬಿಟ್ಟೇಳಲಾರದ ಮಗುವಿಗೆ ಅದು ವರವೇ ಸರಿ. ಆದರೆ ಒಂದು ಮಣೆ, ಒಂದು ಕೊಳವೆ, ಒಂದು ಇಳಿಜಾರು ಇವುಗಳ ಅಭಾವದಿಂದ ಶಾಲೆಗೆ ಬರಲಾರದ ಮಗುವನ್ನೂ ಆ ಪಟ್ಟಿಗೆ ಸೇರಿಸಿಬಿಡುವುದು ನಡೆದರೆ ಅದು ಅನ್ಯಾಯ. ಹಾಗೆ ಸೇರಿಸುವ ಮೊದಲು ಒಬ್ಬ ಚಿಕಿತ್ಸಕರು ಆ ಮಗುವನ್ನು ಶಾಲೆಯ ಆವರಣದಲ್ಲಿಯೇ ಪರೀಕ್ಷಿಸಬೇಕೆಂಬ ನಿಯಮವು ಇರಬೇಕು.

ಆ ಇಟ್ಟಿಗೆಗಳ ಬಾಲಕನನ್ನು ದಸರಾ ರಜೆಯ ನಂತರ ಅವನ ಶಾಲೆಯಲ್ಲಿಯೇ ಕಂಡೆನು. ಇಟ್ಟಿಗೆಗಳ ಸ್ಥಾನದಲ್ಲಿ ಊರಿನ ಬಡಗಿಯು ಡೆಸ್ಕಿಗೇ ಜೋಡಿಸಿಕೊಟ್ಟ ಒಂದು ಹಲಗೆಯಿತ್ತು. ಅವನ ಮೇಷ್ಟ್ರು, ಮೊದಲು ದೂರು ಹೇಳಿದವರೇ, ತಮ್ಮ ತರಗತಿಯಲ್ಲಿ ಕಾಲು ಎಟುಕದ ಇನ್ನೂ ನಾಲ್ಕು ಮಕ್ಕಳಿಗೆ, ಯಾವ ವೈಕಲ್ಯವೂ ಇಲ್ಲದ ಗಿಡ್ಡ ಮಕ್ಕಳಿಗೆ, ಅಂಥ ಹಲಗೆಗಳನ್ನೇ ಹಾಕಿಸಿದ್ದರು.

ಇದನ್ನು ಓದುತ್ತಿರುವವರಲ್ಲಿ ಶಿಕ್ಷಕರೂ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್.ಡಿ.ಎಂ.ಸಿ.) ಸದಸ್ಯರೂ ಇದ್ದೀರಿ. ಮುಂದಿನ ಶಾಲಾದಿನ ಪ್ರಾರ್ಥನೆ ಮುಗಿದು ಮಕ್ಕಳು ಕುಳಿತ ಮೇಲೆ ತರಗತಿಯ ಬಾಗಿಲಲ್ಲಿ ನಿಂತು, ಒಮ್ಮೆ ಬೆಂಚುಗಳ ಕೆಳಗೆ ನೋಡಿರಿ. ನೆಲ ಮುಟ್ಟದ ಪಾದಗಳ ಕೆಳಗೆ ಅಂದೇ ಏನನ್ನಾದರೂ ಇಡಿರಿ. ಅಷ್ಟರಿಂದ ಸಾಲದೆಂದು ತೋರಿದ ಮಗುವಿನ ಹೆಸರನ್ನು ನಿಮ್ಮ ತಾಲ್ಲೂಕಿನ ಬಿ.ಐ.ಇ.ಆರ್.ಟಿ. ಅವರಿಗೆ ಬರೆದು ಕಳುಹಿಸಿ, ಶಾಲೆಗೇ ಬಂದು ನೋಡಿರೆಂದು ಕೇಳಿರಿ.